ಪದಚರ್ಚೆ: ಬೇಸ್ ಗಿಟಾರ್‌ನವನ ಬದುಕಿಗೆ ‘ತಿರುಗಾಟ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಇಂಗ್ಲೆಂಡಿನ ರಾಕ್ ಸಂಗೀತಗಾರ, ಬೇಸ್ ಗಿಟಾರ್ ಬಾರಿಸುತ್ತಿದ್ದ ಜಾನ್ ವೆಟನ್ ಬಗ್ಗೆ ಎರಡು ಪುಟದ ಪರಿಚಯ ಬರೆಯುತ್ತಿದ್ದೇನೆ. ಓದುವವರು ನಮ್ಮ ಮನೆಯ ಹುಡುಗರು, ಅವರ ಸ್ನೇಹಿತರು. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ. ಬರೆದದ್ದು ಇದು: ‘ಜಾನ್ ವೆಟನ್ (1949–2017) ತನ್ನ ಸುದೀರ್ಘ ವೃತ್ತಿಜೀವನದಲ್ಲಿ ಹಲವು ವಾದ್ಯವೃಂದಗಳಲ್ಲಿ ಮಂದ್ರ ಗಿಟಾರ್ ವಾದಕನಾಗಿ ಸೇವೆ ಸಲ್ಲಿಸಿದನು.’ ಓದಿ ನೋಡಿದರೆ ನಿವೃತ್ತ ತಹಸೀಲ್ದಾರರ ಬೀಳ್ಕೊಡುಗೆ ಭಾಷಣದ ಹಾಗಿದೆ. ಇದರಲ್ಲಿ ತಪ್ಪು ಪದ ಒಂದೂ ಇಲ್ಲ, ಸರಿಯಾದದ್ದೂ ಒಂದಿಲ್ಲ.

ಮೊದಲು ಬೇಸ್. ಕೆಲವರು ‘ಬಾಸ್’ ಅಂತ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರ ನೋಡಿಕೊಂಡು. ಆಗ ‘ಬಾಸ್ ಗಿಟಾರ್ ಹಿಡಿದ’ ಅಂದರೆ ಆಫೀಸಿನ ಯಜಮಾನ ಗಿಟಾರ್ ಹಿಡಿದ ಅಂತ ಆಗುತ್ತದೆ. ಉಚ್ಚಾರಣೆ ಬೇಸ್ ತಾನೇ, ನಾನು ಹಾಗೇ ಬರೆಯುತ್ತೇನೆ. ಆಟೋದಲ್ಲಿ, ಊರಹಬ್ಬದ ಧ್ವನಿವರ್ಧಕದ ಹತ್ತಿರ ‘ಬೇಸ್ ಸ್ವಲ್ಪ ಜಾಸ್ತಿ ಮಾಡು’ ಅಂತ ಎಲ್ಲರೂ ಹೇಳುತ್ತಾರಲ್ವಾ. ರಾಯಚೂರು, ಬಳ್ಳಾರಿ ಕಡೆಯವರು ಮಾತ್ರ ನಗಬಹುದು. ಅಲ್ಲಿ ಬೇಸ್ ಅಂದರೆ ಚೆನ್ನಾಗಿದೆ ಅಂತ. ‘ಬೇಸ್ ಬೇಸ್ ಐತಿ’ ಅಂದರೆ ವೆಟನ್‌ಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ.

‘ಮಂದ್ರ’ ಬೇಡ ಅನ್ನುವುದಕ್ಕೆ ಕಾರಣ ಇದೆ. ಮಂದ್ರ ಅನ್ನುವುದು ಸ್ಥಾಯಿ, ವಾದ್ಯದ ಜಾತಿ ಅಲ್ಲ. ಕೊಳಲಿಗೂ ಅದರದೇ ಮಂದ್ರ ಇದೆ. ಬೇಸ್ ಗಿಟಾರಿನ ನಾಲ್ಕು ತಂತಿ ಸಾದಾ ಗಿಟಾರಿನ ನಾಲ್ಕು ದಪ್ಪ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ಇರುತ್ತವೆ ನಿಜ. ಆದರೆ ವೆಟನ್ ಅದರ ಮೇಲಿನ ಮನೆಗಳಿಗೂ ಧಾರಾಳವಾಗಿ ಹೋಗುತ್ತಿದ್ದ. ಅಂಥವನು ‘ಮಂದ್ರವಾದಕ’ ಹೇಗಾದಾನು?

‘ತಳ’ ಅನ್ನುವ ಪದದ ಮೇಲೆ ನನಗೆ ಸ್ವಲ್ಪ ಆಸೆ ಇದೆ. ಅದಕ್ಕೆ ವೆಟನ್‌ನ ಬಾಲ್ಯವೇ ಕಾರಣ. ಅವನ ಅಣ್ಣ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಆರ್ಗನ್‌ಗೆ ಕಾಲಿನಲ್ಲಿ ಒತ್ತುವ ಮಣೆಗಳಿರುತ್ತವೆ. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಥರ ಗಾಳಿ ತುಂಬುವುದಕ್ಕಲ್ಲ, ಒಂದೊಂದು ಮಣೆಗೂ ಒಂದೊಂದು ಸ್ವರ. ಕೆಳಗಿನ ದಪ್ಪ ಸ್ವರಗಳೆಲ್ಲ ಕಾಲಿನದೇ ಕೆಲಸ. ಮನೆಯ ಪಿಯಾನೊದಲ್ಲಿ ಅದೆಲ್ಲಿ? ಅದಕ್ಕೇ ಅಣ್ಣ ಅಭ್ಯಾಸಕ್ಕೆ ಕೂತರೆ ಆ ಕಾಲಿನ ಭಾಗವನ್ನು ತಮ್ಮ ಪಿಯಾನೊದ ಮೇಲೆ ಬಾರಿಸಿಕೊಡುತ್ತಿದ್ದ. ಅಣ್ಣನ ಕಾಲು ತಮ್ಮನ ಕೈಗೆ ಬಂತು. ಬೇಸ್ ಹಿಡಿಯುವ ಮೊದಲೇ ಹಾಡಿನ ತಳ ಅವನಿಗೆ ಗೊತ್ತಿತ್ತು. ಹಾಗಾಗಿ ಬೇಸ್‌ನವನು ನುಡಿಸುವ ಆ ಸಾಲಿಗೆ ‘ತಳಸಾಲು’ ಅನ್ನಬಹುದಾ? ಕೇಳಿದರೆ ಮಡಿಕೆಯ ಅಡಿ ನೆನಪಾಗುತ್ತದೆ ಅಂತ ನನ್ನ ಹೆಂಡತಿ ಅಂದಳು. ಇರಲಿ.

ಈಗ ನಿಜವಾದ ಪ್ರಶ್ನೆ. ಹೋದ ವಾರ ಊರಿಗೆ ಹೋಗಿದ್ದೆ. ನಮ್ಮ ದೊಡ್ಡಪ್ಪ ಯಕ್ಷಗಾನದಲ್ಲಿ ಮದ್ದಳೆಗಾರರಾಗಿದ್ದರು. ಅವರ ಸನ್ಮಾನಪತ್ರ ಇನ್ನೂ ಚಾವಡಿಯ ಗೋಡೆ ಮೇಲಿದೆ, ಕಟ್ಟಿನ ಒಳಗೆ ಗೆದ್ದಲು ಹೊಕ್ಕು ಒಂದು ಮೂಲೆ ತಿಂದಿದೆ. ಅದರಲ್ಲಿ ‘ಮೂರು ಮೇಳಗಳಲ್ಲಿ ಇಪ್ಪತ್ತೆರಡು ವರ್ಷಗಳ ತಿರುಗಾಟ’ ಅಂತ ಇದೆ. ಅಷ್ಟೇ. ವೃತ್ತಿಜೀವನ ಇಲ್ಲ, ಸೇವೆ ಇಲ್ಲ, ಸುದೀರ್ಘ ಇಲ್ಲ. ನನಗೆ ಅಲ್ಲೇ ದೀಪ ಹತ್ತಿದ ಹಾಗಾಯಿತು. ಒಂದು ತಂಡ ಬಿಟ್ಟು ಇನ್ನೊಂದು ಸೇರುವುದು, ಊರೂರು ಸುತ್ತುವುದು, ರಾತ್ರಿ ಪೂರ್ತಿ ಬಾರಿಸಿ ಬೆಳಗ್ಗೆ ಗಂಟು ಕಟ್ಟುವುದು, ಇದಕ್ಕೆಲ್ಲ ಕನ್ನಡದಲ್ಲಿ ಮಾತು ಮೊದಲಿಂದ ಇದೆ. ನಾವು ಇಂಗ್ಲಿಷಿನಿಂದ ಹೊಸದಾಗಿ ಕಟ್ಟಲು ಹೋಗಿ ತಹಸೀಲ್ದಾರರ ಭಾಷಣ ಮಾಡುತ್ತೇವೆ.

ಆ ಮಾತಿನಲ್ಲೇ ಬರೆದು ನೋಡಿದೆ:

‘ವೆಟನ್ ಮೊದಲು ಮೊಗಲ್ ಥ್ರ್ಯಾಶ್ ಮೇಳದಲ್ಲಿದ್ದ. 1971ರಲ್ಲಿ ಫ್ಯಾಮಿಲಿ ಎಂಬ ಮೇಳ ಸೇರಿದ. ಮರುವರ್ಷ ರಾಬರ್ಟ್ ಫ್ರಿಪ್ ಕರೆದ, ಕಿಂಗ್ ಕ್ರಿಮ್ಸನ್‌ಗೆ ಹೋದ. 1974ರಲ್ಲಿ ಫ್ರಿಪ್ ಮೇಳವನ್ನೇ ನಿಲ್ಲಿಸಿದ. ಆಮೇಲೆ ರಾಕ್ಸಿ ಮ್ಯೂಸಿಕ್ ಜೊತೆ ತಿರುಗಾಟ, 1975ರಿಂದ ಯುರಾಯಾ ಹೀಪ್. 1977ರಲ್ಲಿ ಹಳೇ ಜೊತೆಗಾರ ಬಿಲ್ ಬ್ರುಫರ್ಡ್ ಜೊತೆ ಸೇರಿ ಯು.ಕೆ. ಎಂಬ ಮೇಳ ಕಟ್ಟಿದ. 1981ರಲ್ಲಿ ವಿಶ್‌ಬೋನ್ ಆ್ಯಶ್‌ನ ಒಂದು ಆಲ್ಬಂಗೆ ಬಾರಿಸಿ, ಅದೇ ವರ್ಷ ಏಷ್ಯಾ ಎಂಬ ಮೇಳ ಕಟ್ಟುವವರಲ್ಲಿ ಒಬ್ಬನಾದ.’

ಉಸಿರಾಡುತ್ತದೆ ಅನಿಸಿತು. ಆದರೆ ಮೂರು ಕಡೆ ಕಾಲು ತೊಡರುತ್ತಿದೆ.

ಒಂದು, ಕರಾವಳಿಯಲ್ಲಿ ತಿರುಗಾಟಕ್ಕೆ ಲೆಕ್ಕ ಇದೆ. ಮಳೆ ಮುಗಿದ ಮೇಲೆ ಹೊರಟು ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆ ದಿನಕ್ಕೆ, ಗೆಜ್ಜೆ ಬಿಚ್ಚಿದರೆ ಒಂದು ತಿರುಗಾಟ. ರಾಕ್‌ನವರಿಗೆ ಪತ್ತನಾಜೆ ಇಲ್ಲ. ಅವರು ವರ್ಷಕ್ಕೆ ಎರಡು ಸಲ ಹೊರಡಬಹುದು, ಮೂರು ವರ್ಷ ಮನೆಯಲ್ಲೇ ಕೂರಬಹುದು. ಲೆಕ್ಕವನ್ನು ಬಿಟ್ಟು ಪದವನ್ನು ಮಾತ್ರ ತಂದರೆ ಮೇಳದವರಿಗೆ ಇರುಸುಮುರುಸು ಆಗುತ್ತದಾ?

ಎರಡನೆಯದು ಹಿಮ್ಮೇಳ. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಪತ್ರಿಕೆಯಲ್ಲಿ ‘ಹಿಮ್ಮೇಳದಲ್ಲಿ ಬೇಸ್ ಗಿಟಾರ್ ಸಾಥ್’ ಅಂತ ಬರೆದರೆ ಲೆಕ್ಕಕ್ಕಿಲ್ಲದವನು ಅಂತಲೇ ಅರ್ಥ. ‘ಅವನ ಮಾತಿಗೆ ಇವನ ಹಿಮ್ಮೇಳ’ ಅಂತ ಬೈಯುವುದೂ ಇದೆ. ಆದರೆ ಯಕ್ಷಗಾನದಲ್ಲಿ ಹಿಮ್ಮೇಳ ಅಂದರೆ ಭಾಗವತರೂ ಸೇರಿ. ಪದ ಹಾಡುವವರು, ಆಟ ನಡೆಸುವವರು, ವೇಷ ಯಾವಾಗ ಕುಣಿಯಬೇಕು ಎಲ್ಲಿ ನಿಲ್ಲಬೇಕು ಅಂತ ಹಿಡಿತ ಇಟ್ಟುಕೊಂಡವರು ಅವರೇ. ಈಗ ವೆಟನ್‌ನನ್ನು ನೋಡಿ. ಫ್ಯಾಮಿಲಿಯಲ್ಲಿ ಮುಖ್ಯ ಗಾಯಕ ರೋಜರ್ ಚಾಪ್‌ಮನ್, ರಾಕ್ಸಿಯಲ್ಲಿ ಬ್ರಯಾನ್ ಫೆರಿ, ಹೀಪ್‌ನಲ್ಲಿ ಡೇವಿಡ್ ಬೈರನ್. ಅಲ್ಲೆಲ್ಲ ಇವನು ಮದ್ದಳೆಯವರ ಜಾಗದಲ್ಲಿದ್ದ. ಕ್ರಿಮ್ಸನ್, ಯು.ಕೆ., ಏಷ್ಯಾದಲ್ಲಿ ಬೇಸ್ ಬಾರಿಸುತ್ತ ಹಾಡಿದವನೂ ಇವನೇ, ಅಂದರೆ ಭಾಗವತ. ಎರಡೂ ಹಿಮ್ಮೇಳವೇ! ಪತ್ರಿಕೆಯ ಹಿಮ್ಮೇಳದಲ್ಲಿ ಈ ಮನುಷ್ಯ ಹಿಡಿಯುವುದಿಲ್ಲ, ಆಟದ ಹಿಮ್ಮೇಳದಲ್ಲಿ ಸಲೀಸಾಗಿ ಕೂರುತ್ತಾನೆ. ಬಯಲುಸೀಮೆಯ ಓದುಗರಿಗೆ ಇದು ತಲುಪುತ್ತದಾ, ಅಥವಾ ಮೊದಲ ಅರ್ಥವೇ ಕಿವಿಗೆ ಬೀಳುತ್ತದಾ?

ಮೂರನೆಯದು ಏಷ್ಯಾ. ಸ್ಟೀವ್ ಹೌ ಯೆಸ್ ಎಂಬ ತಂಡದವನು, ಕಾರ್ಲ್ ಪಾಮರ್ ಎಮರ್ಸನ್, ಲೇಕ್ ಅಂಡ್ ಪಾಮರ್‌ನವನು, ಜೆಫ್ ಡೌನ್ಸ್ ಬಗಲ್ಸ್‌ನಿಂದ ಯೆಸ್‌ಗೆ ಹೋಗಿ ಬಂದವನು. ಇವರ ಜೊತೆ ವೆಟನ್. 1982ರ ಮೊದಲ ಆಲ್ಬಂ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಹೀಗೆ ಹೆಸರು ಮಾಡಿದವರೆಲ್ಲ ಒಂದಾದ ತಂಡಕ್ಕೆ ಸೂಪರ್‌ಗ್ರೂಪ್ ಅನ್ನುತ್ತಾರೆ. ‘ಕೂಡಾಟ’ ಅನ್ನೋಣ ಅಂದರೆ, ಅದು ಎರಡು ಮೇಳ ಸೇರಿ ಒಂದು ರಾತ್ರಿ ಆಡುವ ಆಟ, ಬೆಳಗಾದರೆ ಅವರವರ ದಾರಿ. ‘ಕೂಡುಮೇಳ’ ಅಂತ ಟಂಕಿಸಬಹುದಾ? ಇನ್ನು ‘ಏಷ್ಯಾ ಮೇಳ’ ಅಂತ ಬರೆದು ಮಗನಿಗೆ ತೋರಿಸಿದೆ. ‘ಮಾವು ಮೇಳದ ಹಾಗಾ ಅಪ್ಪಾ, ಎಲ್ಲಿ ನಡೆಯುತ್ತೆ?’ ಅಂದ. ಸಾಲ ಮೇಳ, ಉದ್ಯೋಗ ಮೇಳ ಎಲ್ಲ ಸೇರಿ ಈ ಪದವನ್ನು ಸಂತೆ ಮಾಡಿಟ್ಟಿವೆ. ಮೇಳ ಅಂದರೆ ಸ್ವರ ಕೂಡುವುದು, ಹೊಂದಿಕೊಳ್ಳುವುದು ಅಂತಲೂ ಇದೆ ಅನ್ನುವುದು ಹುಡುಗರಿಗೆ ಗೊತ್ತೇ ಇಲ್ಲ. ‘ಬ್ಯಾಂಡ್’ ಅಂದರೆ ಮದುವೆ ದಿಬ್ಬಣ, ‘ತಂಡ’ ಅಂದರೆ ಕ್ರಿಕೆಟ್, ‘ಆರ್ಕೆಸ್ಟ್ರಾ’ ಅಂದರೆ ಗಣೇಶನ ಪೆಂಡಾಲು. ಸದ್ಯಕ್ಕೆ ತಂಡ ಅಂತ ಹಾಕಿ ಮುಂದೆ ಹೋಗಿದ್ದೇನೆ, ಸಮಾಧಾನವಿಲ್ಲ.

ಇನ್ನೊಂದು ಸಣ್ಣದು. 1983ರಲ್ಲಿ ವೆಟನ್ ಏಷ್ಯಾದಿಂದ ಹೊರಬಿದ್ದ. ಆ ಡಿಸೆಂಬರಿನ ಟೋಕಿಯೊ ಕಾರ್ಯಕ್ರಮಕ್ಕೆ ಅವನ ಜಾಗದಲ್ಲಿ ಗ್ರೆಗ್ ಲೇಕ್ ಬಂದ. ತಮಾಷೆ ಏನೆಂದರೆ ಕಿಂಗ್ ಕ್ರಿಮ್ಸನ್‌ನಲ್ಲಿ ವೆಟನ್‌ಗಿಂತ ಮೊದಲು ಹಾಡುತ್ತ ಬೇಸ್ ಬಾರಿಸಿದವರಲ್ಲಿ ಈ ಲೇಕ್ ಕೂಡ ಒಬ್ಬ. ಹೀಗೆ ಬೇರೆಯವರ ಜಾಗಕ್ಕೆ ಕೊನೇ ಗಳಿಗೆಯಲ್ಲಿ ಬರುವುದಕ್ಕೆ ವೇಷಧಾರಿಗಳಾದರೆ ‘ಬದಲಿ ವೇಷ’ ಅಂತ ಹೇಳಿಬಿಡಬಹುದು. ಹಾಡುವವರು, ಬಾರಿಸುವವರು ಬದಲಾದರೆ ಏನನ್ನುತ್ತಾರೆ? ದೊಡ್ಡಪ್ಪ ಇದ್ದಿದ್ದರೆ ಕೇಳುತ್ತಿದ್ದೆ. ಬಡಗಿನ ಕಡೆಯ (ಬಡಗುತಿಟ್ಟು ಯಕ್ಷಗಾನದ)ವರು, ಕಂಪನಿ ನಾಟಕದ ಒಡನಾಟ ಇದ್ದವರು ಯಾರಾದರೂ ಇದ್ದರೆ ನಿಮ್ಮ ಕಡೆ ಬಳಸುವ ಮಾತನ್ನೇ ಬರೆಯಿರಿ, ನಿಘಂಟಿನದು ಬೇಡ. ಆ ಸಾಲನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.