ಸಹಾಯ ಬೇಕು: ರೂಟ್ ಕೆನಾಲ್‌ಗೆ ಗ್ಯಾಸ್ ಅಥವಾ ಸೆಡೇಶನ್ (ಮಂಪರು ಬರಿಸುವ ಔಷಧ) ತೆಗೆದುಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 62 ವರ್ಷ, ಬಿಪಿ ಮಾತ್ರೆ ನುಂಗುತ್ತಾರೆ. ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಬೇಕು. ಹೋದ ವಾರ ಎರಡು ಇಂಜೆಕ್ಷನ್ ಕೊಟ್ಟರೂ ಹಲ್ಲು ಪೂರ್ತಿ ಜೋಮು ಹಿಡಿಯಲಿಲ್ಲ. ಡ್ರಿಲ್ ಸದ್ದು ಕೇಳಿದ್ದೇ ತಡ, ಡಾಕ್ಟರ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡರು! ಕೆಲಸ ಅರ್ಧಕ್ಕೇ ನಿಂತಿದೆ. ಈಗ ಮನೆಯಲ್ಲಿ ಮಿಕ್ಸಿ ಹಾಕಿದರೂ ಬೆಚ್ಚಿಬೀಳುತ್ತಾರೆ.

ಡಾಕ್ಟರು ಮೂರು ದಾರಿ ಹೇಳಿದ್ದಾರೆ. ಒಂದು, ಮೂಗಿನ ಮಾಸ್ಕ್‌ನಲ್ಲಿ ಕೊಡುವ ನೈಟ್ರಸ್ ಆಕ್ಸೈಡ್ ಗ್ಯಾಸ್. ಎಚ್ಚರ ಇರುತ್ತದೆ, ನಿಲ್ಲಿಸಿ ಆಕ್ಸಿಜನ್ ಕೊಟ್ಟರೆ ಸ್ವಲ್ಪ ಹೊತ್ತಿಗೇ ಮಂಪರು ಇಳಿಯುತ್ತದಂತೆ. ಇನ್ನೊಂದು, ಮೊದಲೇ ನುಂಗುವ ಮಂಪರಿನ ಮಾತ್ರೆ. ಕೊನೆಯದು ರಕ್ತನಾಳಕ್ಕೆ ಕೊಡುವ ಸೆಡೇಶನ್. ಅದಕ್ಕೆ ಅರಿವಳಿಕೆ ಡಾಕ್ಟರು ಬರಬೇಕು, ಖಾಲಿ ಹೊಟ್ಟೆ ಇರಬೇಕು. ಯಾವುದನ್ನು ಆರಿಸಿಕೊಂಡರೂ ಜೋಮಿನ ಇಂಜೆಕ್ಷನ್ ಮಾತ್ರ ತಪ್ಪುವುದಿಲ್ಲ. ಇವೆಲ್ಲ ಮುಖ್ಯವಾಗಿ ಹೆದರಿಕೆ ಇಳಿಸೋಕೆ, ಹಲ್ಲಿನ ನೋವನ್ನು ಪೂರ್ತಿ ತಡೆಯೋಕಲ್ಲ ಅಲ್ವಾ?

ನನಗೆ ಗ್ಯಾಸೇ ವಾಸಿ ಅನಿಸುತ್ತಿದೆ. ಬಿಪಿ ಇರುವವರು ಯಾರಾದರೂ ತೆಗೆದುಕೊಂಡಿದ್ದೀರಾ? ಆ ದಿನದ ಬಿಪಿ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರು ಏನು ಹೇಳಿದ್ದರು? ದಾವಣಗೆರೆ ಸುತ್ತಮುತ್ತ ಈ ಸೌಲಭ್ಯ ಎಲ್ಲಿದೆ, ಎಷ್ಟು ಜಾಸ್ತಿ ಖರ್ಚಾಯಿತು ಅಂತಲೂ ತಿಳಿಸಿ. ‘ಲವಂಗ ಇಟ್ಟುಕೊಳ್ಳಿ’ ಅನ್ನಬೇಡಿ, ಡಬ್ಬಿ ಆಗಲೇ ಖಾಲಿಯಾಗಿದೆ.