ಆರ್‌ವಿ (ಒಳಗೇ ಉಳಿಯೋ ಮನೆಯಂಥ ಗಾಡಿ) ಪ್ರವಾಸದಲ್ಲಿ ಒಂದು ದಿನ ಕಯಾಕ್: ವಾಪಸ್ ಬರೋದು ಹೇಗೆ?

ಪ್ರಶ್ನೆ: ಗಾಳಿ ತುಂಬುವ ಕಯಾಕ್ (ಹುಟ್ಟು ಹಾಕೋ ಪುಟ್ಟ ದೋಣಿ) ಇದೆ. ಕಾಡಿನ ನದಿಯಲ್ಲಿ 15 ಕಿ.ಮೀ. ಕೆಳಗೆ ಹೋಗೋ ಯೋಚನೆ. ಆರ್‌ವಿ ಬಿಟ್ಟರೆ ಬೇರೆ ಗಾಡಿ ಇಲ್ಲ. ಏನು ಮಾಡ್ಬೇಕು?

ಉತ್ತರ 1: ಮೊದಲು ಮುಗಿಸೋ ಜಾಗಕ್ಕೆ ಹೋಗಿ ಸೈಕಲ್ಲಿಗೆ ಬೀಗ ಹಾಕಿ ಇಡಿ, ಆಮೇಲೆ ಆರ್‌ವಿಯನ್ನು ಮೇಲ್ಗಡೆ ಶುರು ಮಾಡೋ ಜಾಗಕ್ಕೆ ಒಯ್ಯಿರಿ. ಕಯಾಕ್‌ನಲ್ಲಿ ಕೆಳಗೆ ತಲುಪಿದ ಮೇಲೆ ಸೈಕಲ್ಲಲ್ಲಿ ಆರ್‌ವಿಗೆ ವಾಪಸ್. ಮುಗಿಸೋ ದಡಕ್ಕೊಂದು ಗುರುತು ನೋಡ್ಕೊಳ್ಳಿ. ನೀರಿನಿಂದ ಎಲ್ಲ ದಡವೂ ಒಂದೇ ಥರ. ಎರಡೂ ಕೀ ಲೈಫ್ ಜಾಕೆಟ್ಟಿನ ಜಿಪ್ ಜೇಬಲ್ಲಿರಲಿ. ಸೈಕಲ್ ಕೀ ಆರ್‌ವಿಯಲ್ಲೇ ಮರೆಯೋರೇ ಜಾಸ್ತಿ!

ಉತ್ತರ 2: ತಣ್ಣೀರಿಗೆ ಇಳಿಸಿದರೆ ಕಯಾಕ್ ಮೆತ್ತಗಾಗುತ್ತೆ. ಹತ್ತು ನಿಮಿಷ ಬಿಟ್ಟು ಮತ್ತೆ ಪಂಪ್ ಹೊಡೀರಿ. ಊಟಕ್ಕೆ ನಿಂತಾಗ ನೆರಳಿಗೆ ಎಳೆದು ಸ್ವಲ್ಪ ಗಾಳಿ ಬಿಡಿ, ಬಿಸಿಲಿಗೆ ಒಳಗಿನ ಒತ್ತಡ ಏರಿ ಅಂಟಿಸಿದ ಜೋಡಣೆ ಬಿಟ್ಕೊಳ್ಳಬಹುದು.

ಉತ್ತರ 3: ಬಂಡೆಗಿಂತ ದೊಡ್ಡ ಅಪಾಯ ತಿರುವಿನ ಹೊರಮಗ್ಗುಲಲ್ಲಿ ಬಿದ್ದ ಮರ. ಕೊಂಬೆಗಳ ನಡುವೆ ನೀರು ದಾಟುತ್ತೆ, ಮನುಷ್ಯ ಸಿಕ್ಕಿಕೊಳ್ತಾನೆ. ತಿರುವಲ್ಲಿ ಒಳಮಗ್ಗುಲು ಹಿಡೀರಿ. ಮುಂದೆ ಕಾಣದಿದ್ದರೆ ದಡ ಹತ್ತಿ ನಡೆದು ನೋಡಿ. ಮಗುಚಿದರೆ ರಭಸದ ನೀರಲ್ಲಿ ಎದ್ದು ನಿಲ್ಲೋಕೆ ಹೋಗ್ಲೇಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಹರಿವು ಮುಖ ಅಡಿಯಾಗಿ ಅದುಮುತ್ತೆ. ಅಂಗಾತ ಮಲಗಿ, ಕಾಲು ಮೇಲೆತ್ತಿ ನೀರು ಹರಿಯೋ ದಿಕ್ಕಿಗೆ ಚಾಚಿ, ದಡದ ಕಡೆ ಕೈ ಬೀಸಿ.