ಕೈಪಿಡಿ ತಂಡದ ಮೂರು ದಿನಗಳ ಕಾರ್ಯಸಭೆ: ಮಂಗಳೂರೋ ಉಡುಪಿಯೋ, ಯಾವಾಗ, ಹೇಗೆ?

ಪ್ರಶ್ನೆ (ಬೆಂಗಳೂರಿನಿಂದ)

ನಮ್ಮದು ಮುಕ್ತ ತಂತ್ರಾಂಶವೊಂದರ ಬಳಕೆದಾರ ಕೈಪಿಡಿಗಳನ್ನು ಬರೆದು ನಿರ್ವಹಿಸುವ ಸಣ್ಣ ತಂಡ. ಇದುವರೆಗೆ ಎಲ್ಲವೂ ಅಂತರ್ಜಾಲದ ಮೂಲಕವೇ ನಡೆದಿದೆ. ಸದಸ್ಯರಲ್ಲಿ ಅರ್ಧದಷ್ಟು ಮಂದಿ ಕರಾವಳಿಯವರಾದ್ದರಿಂದ ಮಂಗಳೂರಿನಲ್ಲೋ ಉಡುಪಿಯಲ್ಲೋ ಮೂರು ದಿನ ಒಟ್ಟಿಗೆ ಕುಳಿತು ಕೆಲಸ ಮಾಡಬೇಕೆಂದಿದ್ದೇವೆ. ಇಂಥ ಸಭೆ ನಡೆಸಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಂಗಳೂರಿನಿಂದ)

ಊರನ್ನು ಆರಿಸುವ ಮೊದಲು ಕೆಲಸವನ್ನು ಆರಿಸಿಕೊಳ್ಳಿ. ಹೊಸ ಪುಟಗಳನ್ನು ಬರೆಯುವುದಕ್ಕಾಗಿ ಯಾರೂ ಘಟ್ಟ ಇಳಿದು ಬರಬೇಕಾಗಿಲ್ಲ. ಅದು ಮನೆಯಲ್ಲಿ ಒಬ್ಬರೇ ಕುಳಿತಾಗ ಚೆನ್ನಾಗಿ ಆಗುವ ಕೆಲಸ. ಎದುರುಬದುರು ಕುಳಿತಾಗ ಬೇಗ ಮುಗಿಯುವುದು ತೀರ್ಮಾನಗಳು: ಯಾವ ಪುಟವನ್ನು ಅಳಿಸಬೇಕು, ಒಂದೇ ವಿಷಯ ಮೂರು ಕಡೆ ಇದ್ದರೆ ಯಾವುದನ್ನು ಉಳಿಸಬೇಕು, ಹಳೆಯ ಆವೃತ್ತಿಗಳ ಕೈಪಿಡಿಯನ್ನು ಎಷ್ಟು ಕಾಲ ಕಾಪಾಡಬೇಕು. ಬೇರೊಬ್ಬರು ಬರೆದ ಪುಟವನ್ನು ತೆಗೆದುಹಾಕೋಣ ಎಂದು ಬರೆದು ತಿಳಿಸಲು ಹಿಂಜರಿಯುವವರು ಒಂದೇ ಮೇಜಿನ ಬಳಿ ಕುಳಿತಾಗ ಅದನ್ನು ಸಲೀಸಾಗಿ ಹೇಳುತ್ತಾರೆ. ಕೇಳುವವರೂ ಅಷ್ಟೇ ಸಲೀಸಾಗಿ ಒಪ್ಪುತ್ತಾರೆ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಗೋಡೆ. ಕೈಪಿಡಿಯ ಎಲ್ಲ ಶೀರ್ಷಿಕೆಗಳನ್ನು ಚೀಟಿಗಳಲ್ಲಿ ಮುದ್ರಿಸಿ, ಕೈಪಿಡಿ ಬರಹವನ್ನು ವಿಂಗಡಿಸುವ ಡಯಾಟ್ಯಾಕ್ಸಿಸ್ ಎಂಬ ಕ್ರಮವು ಹೇಳುವ ನಾಲ್ಕು ಬಗೆಗಳಾದ ಕಲಿಕೆಯ ಪಾಠ, ಕೆಲಸ ಮಾಡುವ ವಿಧಾನ, ಆಕರ ಮಾಹಿತಿ ಮತ್ತು ವಿವರಣೆಗಳ ಕೆಳಗೆ ಮೊದಲ ದಿನ ಬೆಳಿಗ್ಗೆ ಅಂಟಿಸುತ್ತ ಹೋದೆವು. ಯಾವ ಚೀಟಿಯ ಬಗ್ಗೆ ಜಗಳ ಬರುತ್ತದೆಯೋ ಆ ಪುಟದಲ್ಲಿ ಎರಡು ಬಗೆಯ ಬರಹ ಬೆರೆತಿದೆ ಎಂದು ತಿಳಿಯಬಹುದು. ಮಧ್ಯಾಹ್ನದ ಹೊತ್ತಿಗೆ ಒಡೆಯಬೇಕಾದ, ಸೇರಿಸಬೇಕಾದ, ಅಳಿಸಬೇಕಾದ ಪುಟಗಳ ಪಟ್ಟಿ ತಾನಾಗಿ ಸಿದ್ಧವಾಗಿತ್ತು.

ಎರಡನೆಯ ದಿನ ತಂತ್ರಾಂಶವನ್ನು ಎಂದೂ ಬಳಸದ ಒಬ್ಬಿಬ್ಬರನ್ನು ಕರೆಸಿ. ಸುರತ್ಕಲ್, ನಿಟ್ಟೆ, ಮೂಡುಬಿದಿರೆ, ಮಣಿಪಾಲಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಆದರೆ ತಂತ್ರಾಂಶವು ಸಾಮಾನ್ಯ ಬಳಕೆಯದಾಗಿದ್ದರೆ ಅವರಿಗಿಂತ ಸಹಕಾರಿ ಸಂಘದ ಗುಮಾಸ್ತರೋ ಶಾಲಾ ಶಿಕ್ಷಕಿಯೋ ಉತ್ತಮ, ಏಕೆಂದರೆ ವಿದ್ಯಾರ್ಥಿಗಳು ಕೈಪಿಡಿಯಲ್ಲಿ ಬಿಟ್ಟುಹೋದ ಹೆಜ್ಜೆಯನ್ನು ತಾವೇ ಊಹಿಸಿ ಮುಂದೆ ಹೋಗಿಬಿಡುತ್ತಾರೆ. ಹೀಗೆ ಕರೆಸಿದವರು ಪುಟ ನೋಡಿಕೊಂಡು ಅನುಸ್ಥಾಪನೆ ಮಾಡುವಾಗ ಬರೆದವರು ಬಾಯಿ ಬಿಡದೆ ಹಿಂದೆ ಕುಳಿತಿರಬೇಕು. ಇದು ಹೇಳಿದಷ್ಟು ಸುಲಭವಲ್ಲ.

ತಂತ್ರಾಂಶವನ್ನು ಬರೆಯುವವರಲ್ಲಿ ಒಬ್ಬರಾದರೂ, ಹಾಗೆಯೇ ರೆಪಾಸಿಟರಿಯಲ್ಲಿ (ಕೈಪಿಡಿಯ ಕಡತಗಳ ಮೂಲ ಸಂಗ್ರಹದಲ್ಲಿ) ಮರ್ಜ್ ಮಾಡುವ, ಅಂದರೆ ಬದಲಾವಣೆಗಳನ್ನು ಒಪ್ಪಿ ಸೇರಿಸುವ ಅಧಿಕಾರವಿರುವ ಒಬ್ಬರಾದರೂ ಕೋಣೆಯಲ್ಲಿಯೇ ಇರಲಿ. ಇಲ್ಲವಾದರೆ ಮೂರು ದಿನಗಳ ಶ್ರಮವೆಲ್ಲ ಪುಲ್ ರಿಕ್ವೆಸ್ಟ್‌ಗಳಾಗಿ, ಅಂದರೆ ಒಪ್ಪಿಗೆಗೆ ಕಾಯುವ ಬದಲಾವಣೆಗಳಾಗಿ ಕೂತು, ಎಲ್ಲರೂ ಊರಿಗೆ ಮರಳಿದ ಮೇಲೆ ಹಳಸುತ್ತದೆ. ಬದಲಾವಣೆಗಳ ದಾಖಲೆ ಇಡುವ ಗಿಟ್, ಕಡತಗಳಿಂದ ಪುಟಗಳನ್ನು ಬಿಲ್ಡ್ ಮಾಡುವ (ತಯಾರಿಸುವ) ಸ್ಫಿಂಕ್ಸ್ ಮುಂತಾದವನ್ನು ಪ್ರತಿಯೊಬ್ಬರೂ ಮನೆಯಲ್ಲೇ ಹಾಕಿಕೊಂಡು, ಕೈಪಿಡಿಯನ್ನು ಒಮ್ಮೆ ಬಿಲ್ಡ್ ಮಾಡಿ ನೋಡಿ ಬರುವಂತೆ ತಾಕೀತು ಮಾಡಿ. ಬರಲಾಗದ ಸದಸ್ಯರಿಗಾಗಿ ದಿನದ ತೀರ್ಮಾನಗಳನ್ನು ಕಾರಣಸಹಿತ ಅಂದೇ ಸಂಜೆ ಬರೆದು ಹಾಕುವುದು ಒಳ್ಳೆಯದು. ದಿನವಿಡೀ ವಿಡಿಯೊ ಕರೆ ತೆರೆದಿಡುವುದರಿಂದ ಎರಡೂ ಕಡೆಯವರಿಗೆ ಕಿರಿಕಿರಿಯೇ ಹೆಚ್ಚು.

ಉತ್ತರ (ಮಣಿಪಾಲದಿಂದ)

ಮೇಲಿನವರು ಊರಿನ ವಿಷಯವನ್ನು ಬಿಟ್ಟಿದ್ದಾರೆ. ಅದನ್ನಷ್ಟು ನಾನು ಹೇಳುತ್ತೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದ ಕರಾವಳಿ ನೋಡುವಂಥದ್ದೇ ಹೌದು, ಆದರೆ ಬೆಂಗಳೂರಿನಿಂದ ಬರುವವರಿಗೆ ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗವೂ ಒಂದೇ ಬೆಟ್ಟಸಾಲಿನಲ್ಲಿ ಇಳಿಯುವುದರಿಂದ, ಒಂದು ಕೈಕೊಟ್ಟರೆ ಇನ್ನೊಂದನ್ನೂ ನಂಬುವಂತಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಭೂಕುಸಿತವಾಗಿ ರೈಲುಗಳು ಹಲವು ದಿನ ನಿಂತಿದ್ದವು. ಏಪ್ರಿಲ್–ಮೇ ತಿಂಗಳುಗಳ ಸೆಕೆಯಲ್ಲಿ ಹವಾನಿಯಂತ್ರಣವಿಲ್ಲದ ಸಭಾಂಗಣದಲ್ಲಿ ಮಧ್ಯಾಹ್ನದ ಮೇಲೆ ಯಾರಿಗೂ ತಲೆ ಓಡುವುದಿಲ್ಲ. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ. ಅದರಲ್ಲೂ ಕ್ರಿಸ್ಮಸ್ ರಜೆಯನ್ನು, ಮತ್ತು ಸಮ ಸಂಖ್ಯೆಯ ವರ್ಷವಾದರೆ ಜನವರಿ 18ರ ಆಸುಪಾಸನ್ನು ಬಿಡಿ. ಉಡುಪಿಯ ಪರ್ಯಾಯದ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಉತ್ಸವದ ಹೊತ್ತಿನಲ್ಲಿ ಕೋಣೆ ಸಿಗುವುದು ಕಷ್ಟ.

ವಿಮಾನದಲ್ಲಿ ಬರುವವರು ಹೆಚ್ಚಿದ್ದರೆ ಮಂಗಳೂರು ಅನುಕೂಲ, ಏಕೆಂದರೆ ಬಜಪೆಯ ವಿಮಾನ ನಿಲ್ದಾಣದಿಂದ ಉಡುಪಿಗೆ ಮತ್ತೆ ಒಂದೂವರೆ ಗಂಟೆಯ ದಾರಿಯಿದೆ. ರೈಲಿನವರೇ ಹೆಚ್ಚಿದ್ದರೆ ನಾನು ಉಡುಪಿಯನ್ನೇ ಹೇಳುತ್ತೇನೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿಯಬಹುದು. ಉಡುಪಿ, ಮಣಿಪಾಲ ಎರಡೂ ಅಲ್ಲಿಂದ ಹತ್ತಿರ. ಮಂಗಳೂರಿಗೆ ರೈಲು ಹಿಡಿಯುವವರು ಸೆಂಟ್ರಲ್ ಯಾವುದು, ಜಂಕ್ಷನ್ ಯಾವುದು ಎಂದು ಟಿಕೆಟಿನಲ್ಲಿ ನೋಡಿಕೊಳ್ಳಬೇಕು, ಅವೆರಡೂ ಬೇರೆ ಬೇರೆ ನಿಲ್ದಾಣಗಳು. ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್‌ನಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಶಬರಿಮಲೆಯ ಯಾತ್ರೆಯೂ ಅದೇ ತಿಂಗಳುಗಳಲ್ಲಿ ಇರುವುದರಿಂದ, ದಿನಾಂಕವನ್ನು ಎರಡು ತಿಂಗಳಿಗಿಂತ ಮೊದಲೇ ಗೊತ್ತುಪಡಿಸಿ ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸುವುದು ಲೇಸು.

ಸಭಾಂಗಣ ನೋಡಲು ಹೋದಾಗ ಇನ್ವರ್ಟರ್ ದೀಪ–ಫ್ಯಾನುಗಳಿಗೆ ಮಾತ್ರವೋ, ಲ್ಯಾಪ್‌ಟಾಪಿನ ಪ್ಲಗ್ಗುಗಳಿಗೂ ಇದೆಯೋ ಎಂದು ಕೇಳಿ. ಊಟದ ಚಿಂತೆ ಇಲ್ಲಿ ಯಾರಿಗೂ ಬೇಡ.